ಎಲ್ಲರಿಗೂ ಸೇರಿದ ಫೋಲ್ಡರು

“ನಿನ್ನ ಪಾಸ್‌ವರ್ಡ್ ಕೇಳ್ತಿದೆ, ಬಾ ಇಲ್ಲಿ,” ಅಣ್ಣ ಕುರ್ಚಿಯಲ್ಲೇ ಅರ್ಧ ತಿರುಗಿ ಕೂಗಿದ.

ಅಪ್ಪನ ತಲೆದೆಸೆಯಲ್ಲಿ ಕೂತಿದ್ದ ತಂಗಿ ಎದ್ದು ಒಳಕೋಣೆಗೆ ಬಂದಳು. ಬೇರೆಯವರೂ ಲಾಗಿನ್ ಆಗಿದ್ದಾರೆ, ಆದರೂ ಕಂಪ್ಯೂಟರನ್ನು ಆರಿಸಿ ಹಚ್ಚಬೇಕೇ ಎಂದು ಪರದೆ ಕೇಳುತ್ತಿತ್ತು.

“ಎಲ್ಲರೂ ಒಳಗೇ ಕೂತಿದೀರ. ಅಮ್ಮ, ನಿಮ್ಮತ್ತಿಗೆ, ನೀನು. ತುಂಬಿದ ಬಸ್ಸಿನ ಥರ ಮಿಷನ್ನು ಮುಂದಕ್ಕೇ ಹೋಗ್ತಿಲ್ಲ. ಅಪ್ಪನದೊಂದು ಫೋಟೋ ಹುಡುಕೋಣ ಅಂದ್ರೆ ಮೌಸೇ ಅಲ್ಲಾಡಲ್ಲ.”

ನಡುಮನೆಯಲ್ಲಿ ಮೇಜಿನ ಮೇಲೆ ಖಾಲಿ ಚೌಕಟ್ಟು ಕಾದಿತ್ತು. ಹೆಣದ ಗಾಡಿ ಬರುವುದರೊಳಗೆ ಅದಕ್ಕೊಂದು ಮುಖ ಬೇಕು. ಅವಳು ನಿಂತಲ್ಲೇ ಬಗ್ಗಿ, ಒಂದೇ ಕೈಯಲ್ಲಿ ಪಾಸ್‌ವರ್ಡ್ ಒತ್ತಿದಳು. ಗುಂಡಿಯ ಮೇಲೆ ಅಪ್ಪ ಅಂಟಿಸಿದ್ದ ‘ಆರಿಸಬೇಡಿ’ ಎಂಬ ಚೀಟಿಯನ್ನು ಅಣ್ಣ ಆಗಲೇ ಕಿತ್ತು ಉಂಡೆ ಕಟ್ಟಿದ್ದ.

“ಇದೊಂದನ್ನ ಮಾತ್ರ ಯಾಕೆ ಆರಿಸಬಾರದಿತ್ತೋ,” ಎಂದ.

“ನಾನು ಬಚ್ಚಲಲ್ಲಿದ್ದಾಗಲೇ ದೀಪ ಆರಿಸೋರು,” ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು. “ಕಿರುಚಿದ್ರೆ, ನಿನ್ನ ಮೈ ಎಲ್ಲಿದೆ ಅಂತ ನಿನಗೆ ಗೊತ್ತಿಲ್ವೇನೇ ಅನ್ನೋರು.”

ಹೊರಗೆ ಕೂತಿದ್ದ ಯಾರೋ ನಗು ನುಂಗಿಕೊಂಡರು.

ಯಂತ್ರ ಹೊಸ ಹುರುಪಿನಿಂದ ಎದ್ದಿತು. ಒಬ್ಬೊಬ್ಬರ ಖಾತೆಯನ್ನೂ ತೆರೆದು ನೋಡಿದರು. ಅಣ್ಣನದರಲ್ಲಿ ಬೈಕು, ಆಫೀಸಿನ ಪಿಕ್‌ನಿಕ್ಕು. ಅತ್ತಿಗೆಯದರಲ್ಲಿ ರವಿಕೆಯ ಬೆನ್ನಿನ ಡಿಸೈನುಗಳು. ಅಮ್ಮನದರಲ್ಲಿ ಅಮ್ಮ. ಅಪ್ಪ ಎಲ್ಲೂ ಇರಲಿಲ್ಲ. ಅವನು ಯಾವಾಗಲೂ ಕ್ಯಾಮೆರಾದ ಈಚೆಗಿದ್ದ. ಅಂಗಳದ ಒಂದು ಚಿತ್ರದಲ್ಲಿ ಮಾತ್ರ ಅವನ ನೆರಳು ಅಮ್ಮನ ಸೀರೆಯ ಮೇಲೆ ಬಿದ್ದಿತ್ತು.

ಅಷ್ಟರಲ್ಲಿ ಸ್ಟುಡಿಯೋದವನು ಬಂದ. ಅಪ್ಪ ಜೀವಮಾನವಿಡೀ ಕೆಲಸ ಮಾಡಿದ್ದು ಅವನ ಅಂಗಡಿಯಲ್ಲೇ. ಹೆಲ್ಮೆಟ್ ಕಂಕುಳಲ್ಲಿ, ಪೆನ್‌ಡ್ರೈವ್ ಕೈಯಲ್ಲಿ.

“ಎಲ್ಲಿದೆಯಮ್ಮ ಫೋಟೋ? ಕೊಡಿ, ಪ್ರಿಂಟ್ ಹಾಕ್ಕೊಂಡು ಬರ್ತೀನಿ.”

“ಯಾವ ಫೋಟೋ?” ಎಂದಳು ತಂಗಿ.

“ಅಯ್ಯೋ, ನಿಮಗೆ ಹೇಳಿಲ್ವಾ? ಹೋದ ವರ್ಷ ನನ್ನ ಹತ್ರ ತೆಗೆಸ್ಕೊಂಡ್ರಲ್ಲ. ತಿದ್ದೋಕೆ ಮಾತ್ರ ನನಗೆ ಬಿಡಲಿಲ್ಲ. ನೀನು ಸತ್ತೋರನ್ನೆಲ್ಲ ಮದುಮಕ್ಕಳ ಥರ ಮಾಡ್ತೀಯ, ನನ್ನ ಮುಖ ನಾನೇ ನೋಡ್ಕೋತೀನಿ ಅಂದ್ರು. ಮೊನ್ನೆ ಫೋನ್ ಮಾಡಿದ್ರು, ಮುಗೀತು, ಕಂಪ್ಯೂಟರಲ್ಲಿದೆ, ಹೊತ್ತು ಬಂದಾಗ ಬಂದು ಒಯ್ಯಿ ಅಂತ. ಇಷ್ಟು ಬೇಗ ಬರುತ್ತೆ ಅಂತ...”

“ನಿಮ್ಮ ಹತ್ರ ಮೂಲದ್ದು ಇರಬೇಕಲ್ಲ?”

“ಮೊದಲನೇದು ಹೋಯ್ತು ಅಂತ ಇನ್ನೊಂದ್ಸಲ ತೆಗೆಸ್ಕೊಂಡ್ರು. ಅದನ್ನ ಕೊಟ್ಟ ದಿನವೇ ಕ್ಯಾಮೆರಾ ಕಾರ್ಡು ಖಾಲಿ ಮಾಡಿದೆ. ಮಾರನೇ ದಿನ ಮದುವೆ ಇತ್ತು.”

ಅಣ್ಣ ಉಂಡೆ ಕಟ್ಟಿದ್ದ ಚೀಟಿಯನ್ನು ಅವಳು ಎತ್ತಿ ಬಿಡಿಸಿದಳು.

*

ಆ ಕಂಪ್ಯೂಟರು ಮನೆಗೆ ಬಂದಾಗಲೇ ಮುದಿಯಾಗಿತ್ತು. ಹಳೇ ಯಂತ್ರಕ್ಕೂ ಒಗ್ಗುವ ಲಿನಕ್ಸ್ ತಂತ್ರಾಂಶ ಅದಕ್ಕೆ ಹಾಕಿ, ಒಬ್ಬೊಬ್ಬರಿಗೂ ಒಂದು ಖಾತೆ ತೆರೆದು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಬೀಗ ಹಾಕಿಕೊಟ್ಟವಳು ಅವಳೇ. ದಿನಬೆಳಗಾದರೆ ಆಗುತ್ತಿದ್ದ ಜಗಳ ನಿಂತಿತು. ಅಪ್ಪನಿಗೂ ಒಂದು ಬೇಕಾದೀತೆಂದು ಯಾರಿಗೂ ಹೊಳೆಯಲಿಲ್ಲ. ಸ್ಟುಡಿಯೋದಲ್ಲಿ ಸಣ್ಣ ಕುಂಚ ಹಿಡಿದು ಊರವರ ಫೋಟೋಗಳಲ್ಲಿನ ಮೊಡವೆ, ಸುಕ್ಕುಗಳನ್ನು ಅಳಿಸುತ್ತ ಬಂದವನು, ಕೆಲಸ ಬಿಟ್ಟ ಮೇಲೆ, ಯಾರು ಖಾತೆ ತೆರೆದಿಟ್ಟು ಎದ್ದು ಹೋಗಿದ್ದರೋ ಅವರ ಜಾಗದಲ್ಲಿ ಕೂತು ಮೌಸಿನಿಂದ ತಿದ್ದುವುದನ್ನು ಕಲಿತ.

“ನಿನ್ನೆ ನಿಮ್ಮಮ್ಮನದರಲ್ಲಿ ಇಟ್ಟಿದ್ದು ಇವತ್ತು ನಿಮ್ಮಣ್ಣನದರಲ್ಲಿ ತೆಗೆಯಲ್ಲ ಅಂತಿದೆ ಕಣೇ. ನನಗೂ ಒಂದು ಮಾಡಿಕೊಡ್ತೀಯಾ?”

“ಭಾನುವಾರ ಮಾಡ್ತೀನಪ್ಪ. ಅಲ್ಲೀತನಕ ಈ ಫೋಲ್ಡರಲ್ಲಿ ಇಡು. ಇದು ಎಲ್ಲರಿಗೂ ಸೇರಿದ್ದು, ಯಾರ ಲಾಗಿನ್‌ನಿಂದಾದ್ರೂ ತೆಗೆಯುತ್ತೆ.”

ಅದು ಯಂತ್ರದ ತಾತ್ಕಾಲಿಕ ಫೋಲ್ಡರು. ಯಂತ್ರ ಆರಿ ಹತ್ತಿದರೆ ತನ್ನನ್ನು ತಾನೇ ಗುಡಿಸಿಕೊಂಡುಬಿಡುತ್ತದೆ. ಅದನ್ನು ಅವಳು ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಅಲ್ಲದೆ ಅಪ್ಪ ಅದರಲ್ಲಿ ಇಡುವಂಥದ್ದು ಏನಿದ್ದೀತು.

ಭಾನುವಾರಗಳು ಬಂದುಹೋದವು. ಒಂದು ಸಂಜೆ ಕರೆಂಟು ಹೋಗಿ ಬಂತು. ಅಪ್ಪ ಪರದೆಯಲ್ಲಿ ಏನನ್ನೋ ಮತ್ತೆ ಮತ್ತೆ ತೆರೆದು ಮುಚ್ಚುತ್ತಿದ್ದ.

“ಏನಾಯ್ತಪ್ಪ?”

“ಏನಿಲ್ಲ. ಇನ್ನೊಂದ್ಸಲ ಶುರು ಮಾಡ್ತೀನಿ.”

ವಾರದೊಳಗೆ, ಕರೆಂಟು ಹೋದರೂ ಯಂತ್ರ ಆರದಂತೆ, ಯುಪಿಎಸ್ ಮನೆಗೆ ಬಂತು. ಹರಿದ ಚಪ್ಪಲಿಗೆ ಮೂರು ಸಲ ಹೊಲಿಗೆ ಹಾಕಿಸುವ ಮನುಷ್ಯ ಹೊಸ ಯುಪಿಎಸ್ ಹೊತ್ತು ತಂದ. ಗುಂಡಿಯ ಮೇಲೆ ಚೀಟಿ ಹತ್ತಿತು. ಅರಳು ಮರಳು ಶುರುವಾಯಿತು ಎಂದು ಮನೆಯವರು ಕಣ್ಣಲ್ಲೇ ಮಾತಾಡಿಕೊಂಡರು. ಅವಳೂ.

*

ಅವಳು ಫೋಲ್ಡರು ತೆರೆದಳು. ಯಂತ್ರ ಈಗಷ್ಟೇ ತನ್ನ ಕೆಲಸಕ್ಕೆಂದು ಮಾಡಿಕೊಂಡ ಅರ್ಥವಿಲ್ಲದ ಹೆಸರುಗಳ ಹೊರತು ಅಲ್ಲಿ ಏನೂ ಇರಲಿಲ್ಲ.

“ಸಿಕ್ತಾ?” ಸ್ಟುಡಿಯೋದವನು ಬಗ್ಗಿದ.

“ಇಲ್ಲ.”

“ಎಲ್ಲಿ ಹೋಗುತ್ತೆ? ಮೊನ್ನೆ ಇತ್ತು ಅಂದ್ರಲ್ಲ.”

“ಈಗ ತಾನೇ ಇವನು ಆರಿಸಿ ಹಚ್ಚಿದ,” ಅಮ್ಮ ಮಗನನ್ನು ತೋರಿಸಿದಳು. “ಬೇಡ ಅಂತ ಬರೆದಿದ್ರು. ಬದುಕಿದ್ದಾಗಲೂ ಅವರ ಮಾತು ಕೇಳಲಿಲ್ಲ, ಹೆಣ ಮನೇಲಿದ್ದಾಗಲೂ ಕೇಳಲಿಲ್ಲ!”

ಅಣ್ಣನ ಮುಖ ಸುಟ್ಟಂತಾಯಿತು. “ಆರಿಸಿದ್ರೆ ಫೋಟೋ ಅಳಿಸಿಹೋಗುತ್ತಾ ಅಮ್ಮ? ಪುಟ್ಟೀ, ನೀನಾದ್ರೂ ಹೇಳೇ. ಆರಿಸಿದ್ದಕ್ಕೆ ಹೋಗುತ್ತಾ?”

ಎಲ್ಲರೂ ಅವಳ ಮುಖ ನೋಡಿದರು. ಅವಳು ಮೌಸನ್ನು ಅತ್ತ ಇತ್ತ ಸರಿಸಿದಳು.

“ಹಳೇ ಮಿಷನ್ನು,” ಎಂದಳು. “ಹೇಳೋಕಾಗಲ್ಲ.”

ಅಣ್ಣ ಎದ್ದು ಹಿತ್ತಲಿಗೆ ಹೋದ. ಅವನ ಮೂಗು ಸೀಟುವ ಸದ್ದು ಒಳಗೆ ಕೇಳಿಸಿತು.

ಗಾಡಿಯವನು ಹೊರಟಿದ್ದೇನೆಂದು ಫೋನ್ ಮಾಡಿದ. ಕೊನೆಗೆ ಅತ್ತಿಗೆಯೇ ತನ್ನ ಫೋನಿನಲ್ಲಿದ್ದ ಮದುವೆಯ ಗುಂಪು ಚಿತ್ರವೊಂದನ್ನು ಹುಡುಕಿಕೊಟ್ಟಳು. ಅದರಲ್ಲಿ ಅಪ್ಪ ಕುರ್ಚಿಯಲ್ಲಿ ಕೂತು, ಯಾರೋ ಕರೆದಂತೆ ಪಕ್ಕಕ್ಕೆ ನೋಡುತ್ತಿದ್ದ. “ಇಷ್ಟೇ ಸಾಕು, ಸುತ್ತ ಇರೋರನ್ನ ತೆಗೀತೀನಿ,” ಎಂದು ಸ್ಟುಡಿಯೋದವನು ಓಡಿದ. ಗಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಇನ್ನೂ ಬೆಚ್ಚಗಿದ್ದ ಚಿತ್ರವನ್ನು ತಂದು ಚೌಕಟ್ಟಿಗೆ ಸೇರಿಸಿದ.

“ಟೈಮಿದ್ದಿದ್ರೆ ಇನ್ನೂ ನೀಟಾಗಿ ಮಾಡ್ತಿದ್ದೆ,” ಎಂದು ಪಿಸುಗುಟ್ಟಿದ.

ಬಂದವರು ಒಬ್ಬೊಬ್ಬರಾಗಿ ಹೂವಿಟ್ಟು ಕೈಮುಗಿದರು. ಚಿತ್ರದಲ್ಲಿ ಹಿಂದಿನ ಜನವೆಲ್ಲ ಮಾಯವಾಗಿ ಬರಿಯ ನೀಲಿ ಉಳಿದಿತ್ತು. ಅಪ್ಪನ ಬಲಭುಜದ ಮೇಲೆ ಮಾತ್ರ ನಾಲ್ಕು ಬೆರಳುಗಳು, ಉಗುರಿಗೆ ಕೆಂಪು ಬಣ್ಣ. ಆವತ್ತು ಕುರ್ಚಿಯ ಹಿಂದೆ ನಿಂತಿದ್ದವಳು ತಂಗಿಯೇ. ಬೆರಳುಗಳ ಬುಡಕ್ಕೇ ಕೈ ನಿಂತುಹೋಗಿ, ಅಲ್ಲಿಂದಾಚೆಗೆ ನೀಲಿ ಶುರುವಾಗುತ್ತಿತ್ತು.