ಪಥ್ಯದ ತೆಳಿ

ಮೊಮ್ಮಗಳು ಪುಷ್ಪನ ಮೂರ್ಛೆ ನಿಲ್ಲಿಸಲು ಅಜ್ಜಿ ಮುತ್ತು ಮಾಡದ ಕಸರತ್ತಿಲ್ಲ. ಮಾತ್ರೆ ಬದಲಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಮಗು ಮಾತ್ರ ನಿಂತಲ್ಲೇ ಬೀಳುತ್ತಿತ್ತು. ಕೋಡಿ ಊರಿನ ಕಡಲು ಕೂಗಳತೆಯಲ್ಲಿದ್ದರೂ, ಮೀನುಗಾರರ ಮನೆಯ ಆ ಹುಡುಗಿ ಒಂದು ದಿನವೂ ನೀರಿಗೆ ಕಾಲಿಟ್ಟವಳಲ್ಲ. ಬಿಡುವವರು ಯಾರು?

ಅರವತ್ತೆಂಟನೇ ಇಸವಿಯ ಸುಮಾರಿಗೆ ದೊಡ್ಡಾಸ್ಪತ್ರೆಯ ಡಾಕ್ಟರು, ಮಾತ್ರೆ ಇರಲಿ, ಜೊತೆಗೆ ಊಟ ಬದಲಿಸಿ ನೋಡೋಣ ಎಂದರು. ಅನ್ನ, ಬೆಲ್ಲ, ಹಣ್ಣು ಬಂದ್. ಬೆಣ್ಣೆ, ಕೊಬ್ಬರಿ ಎಣ್ಣೆ, ಮೊಟ್ಟೆ, ಬೈಗೆ ಅನ್ನುವ ಕೊಬ್ಬಿನ ಮೀನು, ಎಲ್ಲ ತೂಗಿಯೇ ಕೊಡಬೇಕು. ಮೈ ಅಕ್ಕಿಯ ಬದಲು ಕೊಬ್ಬನ್ನು ಉರಿಸಿದರೆ ಕೆಲವು ಮಕ್ಕಳಲ್ಲಿ ಮೂರ್ಛೆ ಹಿಡಿತಕ್ಕೆ ಬರುತ್ತದಂತೆ. ಬೈಗೆ ಅಂದದ್ದೇ ಮುತ್ತುವಿನ ಮುಖ ಅರಳಿತು. ಜೀವಮಾನವೆಲ್ಲ ಬುಟ್ಟಿಯಲ್ಲಿ ಹೊತ್ತು ಮಾರಿದ್ದು ಮದ್ದೇ ಅಂತಾಯಿತಲ್ಲ!

ಅವತ್ತಿನಿಂದ ಮನೆಯಲ್ಲಿ ಅವಳದೇ ದರ್ಬಾರು. ಮಗಳು ಬಾಗಿ, ಪುಷ್ಪನ ತಾಯಿಯೇ ಆದರೂ, ಅಡುಗೆಮನೆಗೆ ಕಾಲಿಡುವಂತಿಲ್ಲ. ಮಗು ಬೆಲ್ಲಕ್ಕೆ ಅತ್ತರೆ ಮುತ್ತುವೂ ಮೂಲೆಯಲ್ಲಿ ಅತ್ತು, ಮೂಗು ಒರೆಸಿಕೊಂಡು ಬಂದು ಬೆಣ್ಣೆ ತಿನ್ನಿಸುವಳು. ಇಷ್ಟಾಗಿಯೂ ಮೂರ್ಛೆ ಹಾಗೇ ಇತ್ತು. ಇದೂ ಹಿಡಿಯುವ ಹಾಗೆ ಕಾಣುವುದಿಲ್ಲ, ಬಿಟ್ಟುಬಿಡೋಣ ಎಂದು ಡಾಕ್ಟರು ಅಂದಾಗ ಮುತ್ತುವಿಗೆ ಸಿಟ್ಟು ಬಂತು.

"ಒಂದ್ ಅಗುಳ್ ಅನ್ನ ಮುಟ್ಸ್ಲಿಲ್ಲ ಡಾಕ್ಟ್ರೇ. ಬಾಯಾರ್ಕಿ ಅಂದ್ರೆ ತೆಳಿ ಕುಡಿಸ್ತೆ, ಅಷ್ಟೇ."

ಡಾಕ್ಟರು ಘಟ್ಟದ ಮೇಲಿನವರು. ತೆಳಿ ಅಂದರೇನು ಎಂದು ಕೇಳಿದರು. ಗಂಜಿ ಬಸಿದ ನೀರು, ನಮ್ಮಲ್ಲಿ ಬಾಯಾರಿದವರಿಗೆ ಕೊಡುವುದೇ ಅದು ಎಂದು ಬಾಗಿ ಬಿಡಿಸಿ ಹೇಳಿದಳು. ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡು ನಕ್ಕರು. ಅಕ್ಕಿಯ ಸತ್ವ ಇಳಿದಿರುವುದೇ ಆ ನೀರಿನಲ್ಲಲ್ಲವೇ ಅಜ್ಜಿ, ಪಥ್ಯ ಇನ್ನೂ ಶುರುವೇ ಆಗಿಲ್ಲ ಎಂದರು. ಮುತ್ತುವಿಗೆ ನಾಚಿಕೆಗಿಂತ ಹೆಚ್ಚಾಗಿ ಖುಷಿಯೇ ಆಯಿತು. ಇನ್ನೊಂದು ದಾರಿ ಉಳಿದಿದೆಯಲ್ಲ!

ತೆಳಿ ನಿಂತಿತು. ಬರಬರುತ್ತ ಮೂರ್ಛೆ ಅಪರೂಪವಾಯಿತು, ಮಳೆಗಾಲ ಕಳೆಯುವಷ್ಟರಲ್ಲಿ ಬರುವುದೇ ನಿಂತಿತು. ಮುತ್ತು ನಂಬದೆ ಮುಂದಿನ ಬೇಸಿಗೆಯವರೆಗೂ ಕಾದಳು.

ಆಮೇಲೊಂದು ಬೆಳಿಗ್ಗೆ, ಡಾಕ್ಟರ ಒಪ್ಪಿಗೆ ಪಡೆದು, ಪುಷ್ಪನ ಕೈ ಹಿಡಿದುಕೊಂಡು ಕಡಲಿನ ಅಂಚಿಗಿಳಿದಳು. ಮೊದಲ ತೆರೆ ಮೊಣಕಾಲಿಗೆ ಬಡಿದದ್ದೇ ಮಗು ಕಿರುಚಿ ದೊಪ್ಪೆಂದು ನೀರಿಗೆ ಬಿತ್ತು. ಮತ್ತೆ ಮೂರ್ಛೆಯೇ ಎಂದುಕೊಂಡಳು ಮುತ್ತು. ಎತ್ತಿಕೊಳ್ಳಲು ಬಗ್ಗಿದರೆ, ಪುಷ್ಪ ಉಪ್ಪುನೀರು ಉಗುಳುತ್ತ ಕಿಲಕಿಲ ನಗುತ್ತಿದ್ದಳು.

"ಬಿದ್ದದ್ದಲ್ಲ ಅಮ್ಮಮ್ಮ, ಕೂತ್ಕಂಡದ್. ಕೈ ಬಿಡ್."

ಮುತ್ತು ಕೈ ಬಿಟ್ಟಳು. ಬಿಟ್ಟು, ಸೀರೆ ನೆನೆಯುವುದನ್ನೂ ನೋಡದೆ, ತಾನೂ ಪಕ್ಕದಲ್ಲೇ ಕೂತಳು.