ಐದನೆಯ ಸಾಲಿನ ಈಟಿ

ನಾನು ಒಂದು ಈಟಿ. ಒಬ್ಬನೇ ಹಿಡಿದು ನಿಂತರೆ ನನ್ನಿಂದ ಒಂದು ಮೇಕೆಯನ್ನೂ ಬೆದರಿಸಲಾಗದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೊಂಕು ತೆಗೆಯಬಾರದು.

ಮ್ಯಾಸಿಡೋನಿಯಾದ ಬೆಟ್ಟದಲ್ಲಿ ನಾನು ಕಾರ್ನೆಲ್ ಎಂಬ ಗಟ್ಟಿ ಮರವಾಗಿದ್ದೆ. ಕಡಿದರು, ನೆರಳಿನಲ್ಲಿ ಒಣಗಿಸಿದರು, ಕೆತ್ತಿ ನಯಮಾಡಿದರು. ತಲೆಗೆ ಚಿಕ್ಕ ಅಲಗು, ಬುಡಕ್ಕೆ ಭಾರವಾದ ಕಬ್ಬಿಣದ ಮೊನೆ. ಉದ್ದ ಹದಿನಾಲ್ಕು ಮೊಳ. ಅಲ್ಲಿಯವರು ನಮ್ಮನ್ನು ಸರಿಸ್ಸಾ ಎನ್ನುತ್ತಾರೆ.

ನನ್ನ ಮೊದಲ ಒಡೆಯ ಅದಾಯೋಸ್. ಮಂಡಿ ಕೈಕೊಟ್ಟ ಮೇಲೆ ಅವನು ನನ್ನನ್ನು ಹಿರಿಯ ಮಗ ಮಖಾತಾಸನಿಗೆ ಒಪ್ಪಿಸಿದ. ಕಿರಿಯ ಮಗ ಕ್ರತೇವಾಸನಿಗೂ ಆ ವರ್ಷವೇ ಸೈನ್ಯದ ಕರೆ ಬಂದಿತ್ತು.

"ತಮ್ಮನ್ನ ನಿನ್ನ ಬೆನ್ನ ಹಿಂದೆ ಇಟ್ಕೋ," ಎಂದ ಅದಾಯೋಸ್. "ಸಾವು ಬರೋದು ಮುಂದಿನಿಂದ. ಹಿಂದಿರೋನು ಮನೆಗೆ ಬರ್ತಾನೆ."

"ಅಣ್ಣನ ಬೆನ್ನು ನೋಡ್ಕೊಂಡು ಯುದ್ಧ ಮಾಡೋದಾ?" ಕ್ರತೇವಾಸ್ ಮುಖ ಸಿಂಡರಿಸಿದ. "ಅದಕ್ಕಿಂತ ಎತ್ತಿನ ಹಿಂದೆ ನಡೆಯೋದು ವಾಸಿ ಅಪ್ಪಾ. ಅದಾದ್ರೂ ಉಳುತ್ತೆ."

ಅಪ್ಪನ ಮಾತು ನಡೆಯಿತು. ನಮ್ಮ ವ್ಯೂಹದಲ್ಲಿ ಒಬ್ಬರ ಹಿಂದೊಬ್ಬರು ಹದಿನಾರು ಜನ ನಿಲ್ಲುತ್ತಿದ್ದರು. ನಮ್ಮ ಸಾಲಿನ ನಾಯಕ ದೆರ್ದಾಸನನ್ನು ಕಾಡಿ ಬೇಡಿ, ಮಖಾತಾಸ್ ತಾನು ಐದನೆಯವನಾಗಿ ನಿಂತು ತಮ್ಮನನ್ನು ಆರನೆಯವನಾಗಿ ನಿಲ್ಲಿಸಿಕೊಂಡ. ಆ ಜಾಗಕ್ಕೆ ಒಂದು ಅರ್ಥವಿದೆ. ಮೊದಲ ಐವರು ಮಾತ್ರ ಈಟಿಗಳನ್ನು ಮುಂದಕ್ಕೆ ಚಾಚುತ್ತಾರೆ. ಐದನೆಯವನ ಕೈಯಲ್ಲಿದ್ದರೂ ನನ್ನ ಮೂತಿ ದೆರ್ದಾಸನ ಎದೆ ದಾಟಿ ಎರಡು ಮೊಳ ಹೊರಗಿರುತ್ತಿತ್ತು. ಆರನೆಯವನಿಂದ ಹಿಂದಿನವರು ಈಟಿಗಳನ್ನು ಮುಂದಿನವರ ತಲೆಯ ಮೇಲೆ ಓರೆಯಾಗಿ ಎತ್ತಿ ಹಿಡಿದು ಹಾರಿಬರುವ ಬಾಣಗಳನ್ನು ತಡೆಯುತ್ತಾರೆ, ಮೈಭಾರ ಹಾಕಿ ಮುಂದಿನವರನ್ನು ತಳ್ಳುತ್ತಾರೆ. ಎರಡೂ ಕೈ ನಮಗೇ ಬೇಕಾದ್ದರಿಂದ ಗುರಾಣಿ ಕುತ್ತಿಗೆಯಿಂದ ಪಟ್ಟಿಯಲ್ಲಿ ನೇತಾಡುತ್ತಿತ್ತು.

"ನಾನೇನು ಸೈನಿಕನೋ, ಚಪ್ಪರದ ಗೂಟವೋ?" ಎಂದು ಕ್ರತೇವಾಸ್ ಹಿಂದಿನಿಂದ ಗೊಣಗುವನು.

"ಗೂಟ ಮಾತಾಡಲ್ಲ," ಎಂದು ದೆರ್ದಾಸ್ ಮುಂದಿನಿಂದ ಕೂಗುವನು.

ಆ ದಿನ ಥೆಸ್ಸಲಿಯ ಗುಡ್ಡಸಾಲಿನ ಮೇಲೆ ಮಂಜು ಕವಿದಿತ್ತು. ಎದುರಿಗೆ ರೋಮನ್ನರು. ನಮ್ಮ ಬಲಭಾಗ ಇಳಿಜಾರಿನಲ್ಲಿ ಈಟಿಗಳನ್ನು ಮುಂದಕ್ಕೆ ಚಾಚಿ ನುಗ್ಗಿತು. ಅವರು ಬಿಡಿಬಿಡಿಯಾಗಿ ನಿಲ್ಲುವವರಾದ್ದರಿಂದ ಒಬ್ಬೊಬ್ಬ ರೋಮನ್ನನ ಎದುರಿಗೆ ನಮ್ಮ ಎರಡು ಸಾಲು, ಹತ್ತು ಅಲಗುಗಳು. ಅವರ ಗಿಡ್ಡ ಕತ್ತಿ ನಮ್ಮ ಜನರ ಮೈವರೆಗೆ ಎಟುಕಲೇ ಇಲ್ಲ. ಗುರಾಣಿಗಳ ಮೇಲೆ ನಾವು ಒತ್ತುತ್ತಿದ್ದೆವು, ಅವರು ಹಿಂದೆ ಸರಿಯುತ್ತಿದ್ದರು. ಮುಂದಿನಿಂದ ನಮ್ಮನ್ನು ಯಾರೂ ಮುರಿಯಲಿಲ್ಲ. ಈ ವಾಕ್ಯವನ್ನು ನಾನು ಯಾರಿಗಾಗಿಯೂ ತಿದ್ದುವುದಿಲ್ಲ.

ನಮ್ಮ ಎಡಭಾಗ ಮಾತ್ರ ಇನ್ನೂ ದಿಬ್ಬ ಹತ್ತಿ ಬರುತ್ತಲೇ ಇತ್ತು. ಉಬ್ಬುತಗ್ಗಿನಲ್ಲಿ ಸಾಲು ಒಟ್ಟುಗೂಡಲೇ ಇಲ್ಲ. ಅಲ್ಲಿ ಗೆದ್ದ ರೋಮನ್ನರ ಒಂದು ಪಡೆ ತಿರುಗಿ ನಮ್ಮ ಬೆನ್ನಿಗೆ ಬಂತು. ನಾವು ತಿರುಗಲಾರೆವು. ಹದಿನಾಲ್ಕು ಮೊಳದ ಈಟಿಯನ್ನು ಆ ಇಕ್ಕಟ್ಟಿನಲ್ಲಿ ತಿರುಗಿಸುವುದೆಂದರೆ ಪಕ್ಕದವನ ತಲೆ ಒಡೆಯುವುದು. ಹದಿನಾರನೆಯವನು ಮೊದಲು ಬಿದ್ದ, ಆಮೇಲೆ ಹದಿನೈದನೆಯವನು. ಸಾವು ಹಿಂದಿನಿಂದ ಎಣಿಸುತ್ತ ಬಂತು. ಅಣ್ಣ ಜೋಪಾನವಾಗಿ ಆರಿಸಿದ್ದ ಜಾಗಕ್ಕೇ ಬಂತು. ತೊಡೆಗೆ ಕತ್ತಿಯೇಟು ತಿಂದು ಕ್ರತೇವಾಸ್ ಮಖಾತಾಸನ ಬೆನ್ನಿಗೆ ಕುಸಿದ.

"ಅಣ್ಣಾ, ಹಿಂದೇನೂ ವಾಸಿಯಿಲ್ಲ ಕಣೋ," ಎಂದ.

ಆಗ ಸುತ್ತಲೂ ಈಟಿಗಳು ನೆಟ್ಟಗೆ ಆಕಾಶಕ್ಕೆ ಎದ್ದವು. ನಮ್ಮವರಲ್ಲಿ ಅದಕ್ಕೆ ಒಂದೇ ಅರ್ಥ: ಸೋತಿದ್ದೇವೆ, ಕೊಲ್ಲಬೇಡಿ. ಮಖಾತಾಸನೂ ತಮ್ಮನಿಗಾಗಿ ನನ್ನನ್ನು ಎತ್ತಿದ. ರೋಮನ್ನರಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಈಟಿ ಎತ್ತಿ ನಿಂತವರನ್ನು ನಿಂತಲ್ಲೇ ಕಡಿಯತೊಡಗಿದರು.

"ಶರಣು ಅಂತಿದ್ದೀವಲ್ಲೋ, ಕಣ್ಣಿಲ್ವೇನೋ!" ಮಖಾತಾಸ್ ಕಿರುಚಿದ. ಎದುರಿನವನು ಕತ್ತಿ ಎತ್ತಿದ. ಮಖಾತಾಸ್ ನನ್ನ ಬುಡದ ಮೊನೆಯಿಂದ ಅವನ ಗುರಾಣಿಗೆ ಗುದ್ದಿ ಕೆಡವಿ, ತಮ್ಮನ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತ. ಮುಂದಿನಿಂದ ಓಡಿಬಂದ ದೆರ್ದಾಸ್ ಅವನ ಬೆನ್ನಿಗೆ ಬೆನ್ನು ಕೊಟ್ಟ.

ಅಷ್ಟರಲ್ಲಿ ಒಬ್ಬ ಕುದುರೆ ಸವಾರ ಬಂದ. ಹೆಸರು ಲೂಕೋಪೋಸ್. ರೋಮನ್ನರ ಕಡೆ ಸೇರಿದ್ದ, ಗ್ರೀಸಿನ ಈಟೋಲಿಯಾ ನಾಡಿನವನು, ನಮ್ಮವರ ಮಾತು ಬಲ್ಲವನು. ಅವನು ಏನೋ ಕೂಗಿ ರೋಮನ್ನರನ್ನು ತಡೆದು, ಇವರ ಕಡೆ ತಿರುಗಿದ.

"ಇನ್ನೊಂದ್ಸಲ ಎತ್ತು ಮಾರಾಯ, ನೆಟ್ಟಗೆ. ಅದರ ಅರ್ಥ ನಾನು ಇವರಿಗೆ ಹೇಳ್ತೀನಿ."

"ಒಂದ್ಸಲ ಎತ್ತಿದ್ದೆ," ಎಂದ ಮಖಾತಾಸ್. "ಎತ್ತಿದವರೆಲ್ಲ ಇಲ್ಲೇ ಬಿದ್ದಿದ್ದಾರೆ, ನೋಡು."

"ಹಾಗಾದ್ರೆ ಕೆಳಗಿಡು."

"ಅದೂ ಆಗಲ್ಲ. ಕೆಲಸ ಇದೆ."

ಅವನು ನನ್ನ ಪಕ್ಕಕ್ಕೆ ತಮ್ಮನ ಈಟಿಯನ್ನು ಜೋಡಿಸಿ, ಎರಡಕ್ಕೂ ತನ್ನ ಕಂಬಳಿಯನ್ನು ಬಿಗಿದ. ಕ್ರತೇವಾಸನನ್ನು ಅದರ ಮೇಲೆ ಮಲಗಿಸಿದರು. ಮುಂದೆ ದೆರ್ದಾಸ್, ಹಿಂದೆ ಮಖಾತಾಸ್. ನನ್ನ ಅಲಗು ನೇರ ರೋಮನ್ನರ ಸಾಲಿಗೆ ಗುರಿಯಾಗಿತ್ತು. ಎತ್ತಲಿಲ್ಲ, ಇಳಿಸಲೂ ಇಲ್ಲ. ಯುದ್ಧಕ್ಕೆ ಹಿಡಿದ ಹಾಗೆಯೇ ಹಿಡಿದು ನಡೆದರು.

"ದಾರಿ ಬಿಡಕ್ಕೆ ಹೇಳು ನಿನ್ನ ಯಜಮಾನರಿಗೆ," ಎಂದ ದೆರ್ದಾಸ್.

ಲೂಕೋಪೋಸ್ ರೋಮನ್ನರ ಕಡೆ ತಿರುಗಿ ಏನೋ ಹೇಳಿದ. ಆಮೇಲೆ ಕೈ ಬೀಸಿದ. ಸಾಲು ಎರಡಾಯಿತು.

ಗುಡ್ಡದ ಬುಡದ ತೊರೆಯ ಬಳಿ ಅವರು ತಮ್ಮನ ತೊಡೆಗೆ ಬಟ್ಟೆ ಬಿಗಿದರು. ಅವನು ಅಣ್ಣನನ್ನು ಬಾಯಿ ತುಂಬ ಬೈಯುತ್ತಿದ್ದ, ಹಾಗಾಗಿ ಬದುಕಿದ್ದ. ತೊರೆಯ ಸೆಳೆತದಲ್ಲಿ ಅಷ್ಟುದ್ದದ ಕೋಲು ಹಿಡಿದು ದಾಟಲಾಗದು. ಮಖಾತಾಸ್ ತಮ್ಮನನ್ನು ಬೆನ್ನಿಗೇರಿಸಿಕೊಂಡು ದಾಟಿದ. ನಾನು ದಡದಲ್ಲಿ ಉಳಿದೆ. ಕೊಳ್ಳೆ ಆಯಲು ಬಂದ ಲೂಕೋಪೋಸ್ ನನ್ನನ್ನು ಈಟೋಲಿಯಾಕ್ಕೆ ಸಾಗಿಸಿದ.

ಈಗ ನಾನು ಅವನ ಕುರಿದೊಡ್ಡಿಯ ಮಾಡಿನ ತೊಲೆ. ಅಲಗನ್ನು ಕುಡುಗೋಲು ಮಾಡಿಸಿದ್ದಾನೆ. ಗೆದ್ದಲು ನನ್ನನ್ನು ಮೂಸಿ ನೋಡಿ ಬೇರೆ ಮರ ಹುಡುಕಿಕೊಂಡು ಹೋಗಿದೆ. ಬಂದವರಿಗೆಲ್ಲ ಲೂಕೋಪೋಸ್ ನನ್ನನ್ನು ತೋರಿಸಿ, ಈಟಿಗಳ ಕಾಲ ಮುಗಿಯಿತು, ಅಂದು ಇವರೆಲ್ಲ ಶರಣಾದರು ಎನ್ನುತ್ತಾನೆ. ನಾನು ಮರದ ತೊಲೆ, ಉತ್ತರ ಕೊಡಲಾರೆ. ಕೊಡುವಂತಿದ್ದರೆ, ಬೆನ್ನ ಹಿಂದಿನಿಂದ ಬಂದವರು ಎದುರಿನ ಕಥೆ ಹೇಳಬಾರದು ಎನ್ನುತ್ತಿದ್ದೆ.

ಕಳೆದ ಸಲ ಉಣ್ಣೆ ಕತ್ತರಿಸುವ ಕಾಲದಲ್ಲಿ ಅವನು ಉತ್ತರಕ್ಕೆ, ಮ್ಯಾಸಿಡೋನಿಯಾದ ಸಂತೆಗೆ ಹೋಗಿ ಬಂದ. ದೊಡ್ಡಿಯಲ್ಲಿ ಹೆಂಡತಿಯ ಜೊತೆ ಕುರಿಗಳಿಗೆ ಹುಲ್ಲು ಹಾಕುತ್ತ ಬೇಸರದಿಂದ ಹೇಳಿದ: "ಒಬ್ಬ ಕುಂಟ ಸಿಕ್ಕಿದ್ದ ಕಣೇ, ತೊಡೇಲಿ ಹಳೇ ಕತ್ತಿಗಾಯ. ನನ್ನ ಗುರುತು ಹಿಡಿದ. ದಾರಿ ನಡುವೆ ನಿಂತು, ನನ್ನ ಕುದುರೆ ಕಾಲಿಗೆ ಉಗಿದ. ಸರಿಯಲೇ ಇಲ್ಲ."

"ನೀವೇನು ಮಾಡಿದ್ರಿ?"

"ಏನು ಮಾಡೋದು? ಸುತ್ಕೊಂಡು ಬಂದೆ."