ಗೋಡೆಯ ಹಿಂದೆ ನಿಂತ ಚಳಿ

ಮೇಸ್ತ್ರಿಗಳು ಕಟ್ಟಿದ ಗೋಡೆಗಳನ್ನೆಲ್ಲ ಒಂದರ ಪಕ್ಕ ಒಂದು ನಿಲ್ಲಿಸಿದರೆ ಬೆಟ್ಟವನ್ನು ಎರಡು ಸುತ್ತು ಹಾಕಬಹುದು ಎಂದು ಊರಿನವರು ಹೇಳುತ್ತಿದ್ದರು. ಮೇಸ್ತ್ರಿಗಳು ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಆದರೆ ಅವರ ಹೆಮ್ಮೆಯೆಲ್ಲ ತೋಟಗಳ ಕೆಳಗಿನ ಗೋಡೆಯ ಮೇಲಿತ್ತು.

ಊರು ಇಳಿಜಾರಿನಲ್ಲಿತ್ತು. ತುದಿಯಲ್ಲಿ ಶಾಲೆ, ಅದರ ಕೆಳಗೆ ಮನೆಗಳು, ನಡುವೆ ಮೇಸ್ತ್ರಿಗಳ ಮಗನ ಬೇಕರಿ. ಅಲ್ಲಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಎಲ್ಲರ ತರಕಾರಿ ತೋಟಗಳು, ಕೊನೆಗೆ ರಸ್ತೆ, ರಸ್ತೆಯಾಚೆ ಹೊಳೆ. ರಸ್ತೆಯ ಕಡೆಯಿಂದ ಆಡುಗಳು ನುಗ್ಗಿ ಎಲೆಕೋಸನ್ನು ಬುಡಸಮೇತ ಮುಗಿಸುತ್ತಿದ್ದವು. ಅದಕ್ಕೆಂದೇ ಊರಿನವರು ಸೇರಿ ಗೋಡೆ ಕಟ್ಟಿಸಿದರು. ಆಳೆತ್ತರ, ಇನ್ನೂರು ಹೆಜ್ಜೆ ಉದ್ದ. ಕಲ್ಲಿಗೆ ಕಲ್ಲು ದವಡೆಯ ಹಲ್ಲಿನಂತೆ ಕೂತಿತ್ತು. ಸಂದಿಗೆಲ್ಲ ಗಾರೆ ತುಂಬಿ, ಬೆರಳಿನಿಂದ ತೀಡಿದ್ದೇನೆ, ಇರುವೆಯೂ ಹತ್ತಿ ಇಳಿದೇ ಬರಬೇಕು ಎಂದು ಮೇಸ್ತ್ರಿಗಳು ಬಂದವರಿಗೆಲ್ಲ ತೋರಿಸುತ್ತಿದ್ದರು.

ಬೆಟ್ಟದಲ್ಲಿ ಬೇಸಿಗೆ ಗಿಡ್ಡ. ಕಿಟಕಿಯ ಪಕ್ಕ ಟ್ರೇಗಳಲ್ಲಿ ಎಬ್ಬಿಸಿದ ಟೊಮೆಟೊ, ಮೆಣಸು, ಕುಂಬಳದ ಸಸಿಗಳನ್ನು ಬೇಗ ಹೊರಗೆ ನೆಟ್ಟರೆ ಕೊನೆಯ ಹಿಮ ಸುಡುತ್ತದೆ. ತಡ ಮಾಡಿದರೆ ಕಾಯಿ ಬಲಿಯುವ ಮೊದಲೇ ಮತ್ತೆ ಚಳಿ ಬಂದು ಕೂರುತ್ತದೆ. ಹಾಗಾಗಿ ಅಲ್ಲಿ ಯಾರೂ ತಮ್ಮ ಪಾಡಿಗೆ ತಾವು ನೆಡುತ್ತಿರಲಿಲ್ಲ. ಶಾಲೆಯ ಅಂಗಳದಲ್ಲಿ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಂದರಲ್ಲಿ ಥರ್ಮಾಮೀಟರ್ ಇತ್ತು. ಅದನ್ನು ನೋಡಿಕೊಳ್ಳುವ ಟೀಚರ್ ದಿನವೂ ಬೆಳಿಗ್ಗೆ ಬೇಕರಿಯ ಮುಂದಿನ ಕಪ್ಪು ಬೋರ್ಡಿನ ಮೇಲೆ ಹಿಂದಿನ ರಾತ್ರಿಯ ಚಳಿ ಎಷ್ಟೆಂದು ಬರೆಯಬೇಕು. ವರ್ಷಕ್ಕೊಂದು ದಿನ ಅದರ ಕೆಳಗೆ ‘ಸಸಿ ನೆಡಬಹುದು’ ಎಂದು ಬರೆಯಬೇಕು. ಅಂದು ದರ್ಜಿ ಅಂಗಡಿ ಮುಚ್ಚುತ್ತಿದ್ದ. ಹಲ್ಲಿನ ಡಾಕ್ಟರು ಬಾಯಿ ತೆರೆದು ಕೂತವರನ್ನೂ ನಾಳೆ ಬನ್ನಿ ಎಂದು ಕಳಿಸುತ್ತಿದ್ದರು.

ಆ ಕೆಲಸ ಮೂರು ವರ್ಷದಿಂದ ಮೇಸ್ತ್ರಿಗಳ ಸೊಸೆಯ ಪಾಲಿಗೆ ಬಂದಿತ್ತು. ಅವಳು ವಿಜ್ಞಾನದ ಟೀಚರ್. ಮಾತು ಕಡಿಮೆ, ಬರವಣಿಗೆ ದುಂಡಗೆ. ಮೊದಲ ಎರಡು ವರ್ಷ ಅವಳ ಮಾತು ಒಂದಿಷ್ಟೂ ಆಚೀಚೆ ಆಗಲಿಲ್ಲ. ಹೋದ ವರ್ಷ, ಗೋಡೆ ಎದ್ದ ಮೇಲಿನ ಮೊದಲ ವಸಂತದಲ್ಲಿ, ಅವಳು ಬರೆದು ಎರಡೇ ದಿನಕ್ಕೆ ಕೆಳಗಿನ ಮೂರು ಹಂತಗಳ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಲಗಿದವು. ಪೆಟ್ಟಿಗೆಯೊಳಗೆ ಮಾತ್ರ ಚಳಿ ನಾಲ್ಕು ಡಿಗ್ರಿಗಿಂತ ಕೆಳಗಿಳಿದೇ ಇರಲಿಲ್ಲ.

ತೀರಾ ಕೆಳಗಿನ ತೋಟ ನಿವೃತ್ತ ಪೋಸ್ಟ್‌ಮಾಸ್ಟರರದು. ತೊಟ್ಟಿಲಿನಷ್ಟು ದೊಡ್ಡ ಕುಂಬಳ ಬೆಳೆದು ಹೆಸರಾದವರು. ಅವರು ಬೇಕರಿಯ ಮುಂದೆ ನಿಂತು, ಮೇಡಂ ಓದಿದ ಪುಸ್ತಕದಲ್ಲಿ ಹಿಮ ಬೀಳಲ್ಲವೇನೋ ಎಂದರು. ನಾಲ್ಕು ಜನ ನಕ್ಕರು. ಸೊಸೆ ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಶಾಲೆಗೆ ಹೋದಳು. ಮೇಸ್ತ್ರಿಗಳಿಗೆ ಆಗಲಿಲ್ಲ. ಪೋಸ್ಟ್‌ಮಾಸ್ಟರರ ಜೊತೆ ನಲವತ್ತು ವರ್ಷದ ಗೆಳೆತನವಿದ್ದರೂ ಎರಡು ತಿಂಗಳು ಅವರ ಮುಖ ನೋಡಲಿಲ್ಲ.

ಚಳಿಗಾಲ ಹತ್ತಿರವಾದಾಗ ಸೊಸೆ ಒಂದು ಡಜನ್ ಅಗ್ಗದ ಥರ್ಮಾಮೀಟರ್ ತಂದು ಕೋಲುಗಳಿಗೆ ಕಟ್ಟಿ, ಶಾಲೆಯಿಂದ ಗೋಡೆಯವರೆಗೆ ಹಂತಕ್ಕೊಂದರಂತೆ ನೆಟ್ಟಳು. ದಿನವೂ ಬೆಳಕು ಹರಿಯುವಾಗ ಉಣ್ಣೆಯ ಟೊಪ್ಪಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಇಳಿಯುವಳು. ಮೇಸ್ತ್ರಿಗಳು ಕಿಟಕಿಯಿಂದ ನೋಡಿ ಹಿಗ್ಗುತ್ತಿದ್ದರು. ಪೆಟ್ಟಿಗೆ ಕೆಟ್ಟಿದೆ ಅಂತ ಊರಿಗೆ ಹೇಳಿಬಿಡೋಣ, ನಾನೇ ಹೊಸದು ಮಾಡಿಸಿಕೊಡುತ್ತೇನೆ ಎಂದರು ಒಮ್ಮೆ. ಪೆಟ್ಟಿಗೆ ಸರಿಯಾಗಿಯೇ ಇದೆ ಎಂದಷ್ಟೇ ಅವಳು ಹೇಳಿದಳು. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನಿಗೆ ಏನೋ ಗೊತ್ತಿತ್ತು.

ಚಳಿಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಸೊಸೆಯೇ ಮಾತೆತ್ತಿದಳು.

“ಮಾವ, ಇವತ್ತು ಸಂಜೆ ಸ್ವಲ್ಪ ತೋಟದ ಹತ್ರ ಬರ್ತೀರಾ? ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ.”

ಸೂರ್ಯ ಮುಳುಗಿ, ಗಾಳಿ ಬಿದ್ದು, ಆಕಾಶ ತೊಳೆದಿಟ್ಟ ಹಾಗಿತ್ತು. ಮೇಸ್ತ್ರಿಗಳನ್ನು ಗೋಡೆಯ ಪಕ್ಕ ನಿಲ್ಲಿಸಿ ಸೊಸೆ ಮೇಲಕ್ಕೆ ಕೈ ಬೀಸಿದಳು. ಶಾಲೆಯ ಬಳಿ ಮಗ ತಗಡಿನ ಡ್ರಮ್ಮಿನಲ್ಲಿ ಒದ್ದೆ ಹುಲ್ಲಿಗೆ ಕಿಚ್ಚಿಟ್ಟ. ಹೊಗೆ ನೆಟ್ಟಗೆ ಮೇಲೇರುತ್ತದೆ ಎಂದುಕೊಂಡಿದ್ದರು ಮೇಸ್ತ್ರಿಗಳು. ಅದು ಆಳೆತ್ತರ ಎದ್ದು, ತಲೆ ಬಗ್ಗಿಸಿ, ಮೆಟ್ಟಿಲಿಳಿಯುವ ಮುದುಕಿಯಂತೆ ಒಂದೊಂದೇ ಹಂತ ತಡವಿಕೊಂಡು ಕೆಳಗೆ ಬಂತು. ಬಂದು ಗೋಡೆಗೆ ತಗುಲಿ ನಿಂತಿತು. ಹಿಂದಿನಿಂದ ಮತ್ತಷ್ಟು ಬಂತು. ಮೇಸ್ತ್ರಿಗಳ ಪಾದ ಮುಚ್ಚಿತು, ಮೊಣಕಾಲು ಮುಚ್ಚಿತು, ಸೊಂಟದವರೆಗೆ ಬಂತು. ಅವರು ಗೋಡೆಯುದ್ದಕ್ಕೂ ಕಣ್ಣಾಡಿಸಿದರು. ಒಂದೆಳೆ ಹೊಗೆಯೂ ಆಚೆ ಹೋಗಿರಲಿಲ್ಲ. ನಾಚಿಕೆಗೇಡು ಅನ್ನಿ, ಆದರೂ ಒಂದು ಗಳಿಗೆ ಅವರಿಗೆ ತಮ್ಮ ಕೆಲಸದ ಮೇಲೆ ಹೆಮ್ಮೆಯೇ ಆಯಿತು.

ಆಮೇಲೆ ಕಾಲು ಕೊರೆಯತೊಡಗಿತು.

“ತಣ್ಣನೆ ಗಾಳಿ ಭಾರ ಮಾವ,” ಎಂದಳು ಸೊಸೆ. “ನೀರಿನ ಹಾಗೆ ಕೆಳಗೆ ಹರಿಯುತ್ತೆ. ಮೊದಲು ರಸ್ತೆ ದಾಟಿ ಹೊಳೆಗೆ ಹೋಗ್ತಿತ್ತು. ಈಗ ಇಲ್ಲೇ ತುಂಬುತ್ತೆ. ಶಾಲೆಗೂ ಇಲ್ಲಿಗೂ ಐದು ಡಿಗ್ರಿ ವ್ಯತ್ಯಾಸ.”

“ನೀರಿಗೆ ಕಂಡಿ ಬಿಟ್ಟಿದೀನಲ್ಲ,” ಎಂದರು ಮೇಸ್ತ್ರಿಗಳು. ಗೋಡೆಯ ಬುಡದಲ್ಲಿ ಹತ್ತು ಹೆಜ್ಜೆಗೊಂದು, ಮುಷ್ಟಿ ಹಿಡಿಯುವಷ್ಟು ಕಂಡಿಗಳಿದ್ದವು. ಮಣ್ಣು ತುಂಬಿತ್ತು. “ಗಾಳಿಗೂ ಬಿಡಬೇಕು ಅಂತ ನನಗೆ ಯಾರೂ ಹೇಳಲಿಲ್ಲ.”

“ಯಾರಿಗೂ ಗೊತ್ತಿರಲಿಲ್ಲ.”

“ನಿನಗೆ ಗೊತ್ತಾಗಿ ಎಷ್ಟು ದಿನ ಆಯ್ತಮ್ಮ?”

“ಕೋಲು ನೆಟ್ಟ ಮೊದಲ ವಾರದಲ್ಲೇ.”

“ಮತ್ತೆ ಬಾಯಿ ಬಿಡಲಿಲ್ಲ ಯಾಕೆ?”

“ನಿಮ್ಮ ಗೋಡೆ.”

ಆಮೇಲೆ ಅವಳೇ, ಈ ವರ್ಷ ಕೆಳಗಿನ ಮೂರು ಹಂತದವರು ಎರಡು ವಾರ ತಡವಾಗಿ ನೆಡಲಿ ಎಂದು ಬೋರ್ಡಿನಲ್ಲಿ ಬರೆದರೆ ಸಾಕು, ಕಾರಣ ಕೇಳಿದರೆ ಪೆಟ್ಟಿಗೆಯ ಮೇಲೆ ಹಾಕುತ್ತೇನೆ ಎಂದಳು. ಎರಡು ವಾರ ತಡವಾದರೆ ಪೋಸ್ಟ್‌ಮಾಸ್ಟರರ ಕುಂಬಳ ಮುಷ್ಟಿಗಾತ್ರವೂ ಆಗುವುದಿಲ್ಲ ಎಂದು ಮೇಸ್ತ್ರಿಗಳಿಗೆ ಗೊತ್ತಿತ್ತು. ಆಗ ಊರಿನ ಬಾಯಿಗೆ ಯಾರು ಸಿಗುತ್ತಾರೆ ಎಂಬುದೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅವರು ಸೀಮೆಸುಣ್ಣವನ್ನು ಸೊಸೆಯ ಕೈಗೆ ಕೊಟ್ಟು, ಎಲ್ಲಿ ಅಂತ ಗುರುತು ಹಾಕು ಎಂದರು. ಅವಳು ಗೋಡೆಯ ಉದ್ದಕ್ಕೂ ನಡೆದು, ನೆಲ ಎಲ್ಲಕ್ಕಿಂತ ತಗ್ಗಾದ ಕಡೆ ಎರಡು ಗೆರೆ ಎಳೆದಳು. ಮೇಸ್ತ್ರಿಗಳು ತಮ್ಮ ಕೈಯಾರೆ ಆರಿಸಿ ತಂದ ಕೆಂಪು ಛಾಯೆಯ ಕಲ್ಲುಗಳೆಲ್ಲ ಸರಿಯಾಗಿ ಆ ಎರಡು ಗೆರೆಗಳ ನಡುವೆಯೇ ಇದ್ದವು. ಅವರು ಚಾಣ ಇಟ್ಟು ಸುತ್ತಿಗೆ ಎತ್ತಿದರು.

ಸದ್ದು ಕೇಳಿ ಪೋಸ್ಟ್‌ಮಾಸ್ಟರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು. “ಏನಯ್ಯಾ, ತಲೆ ಕೆಟ್ಟಿದೆಯಾ? ಇಡೀ ಊರು ಸೇರಿ ಕಟ್ಟಿಸಿದ ಗೋಡೆ ಕಣೋ.”

“ಕಟ್ಟಿದ್ದು ನಾನು. ಹೋದ ವರ್ಷ ನಿನ್ನ ಸಸಿ ಸುಟ್ಟಿದ್ದೂ ನಾನೇ. ನನ್ನ ಸೊಸೆಗೆ ಅಂದಿದ್ದನ್ನೆಲ್ಲ ಈಗ ಇಲ್ಲೇ ನಿಂತು ನನಗೆ ಅನ್ನು. ಕೇಳಿಸಿಕೊಂಡು ಕೆಲಸ ಮಾಡ್ತೀನಿ.”

ಪೋಸ್ಟ್‌ಮಾಸ್ಟರು ಹೊಗೆಯ ಕತೆಯನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಗೆ, ಆಯ್ತು, ಆಡು ಬಂದರೆ ಏನು ಮಾಡ್ತೀಯ ಎಂದು ಕೇಳಿದರು. ಸರಳಿನ ಗೇಟು ಇಡ್ತೀನಿ, ಗಾಳಿ ಹೋಗುತ್ತೆ, ಆಡು ನಿಲ್ಲುತ್ತೆ ಎಂದರು ಮೇಸ್ತ್ರಿಗಳು. ಪೋಸ್ಟ್‌ಮಾಸ್ಟರು ಮನೆಗೆ ಹೋಗಿ ಇನ್ನೊಂದು ಚಪ್ಪಲಿಯನ್ನೂ ಒಂದು ಹಾರೆಯನ್ನೂ ತಂದರು. ಗೋಡೆಗೆ ಹಾರೆ ಮುಟ್ಟಿಸಲು ಮೇಸ್ತ್ರಿಗಳು ಬಿಡಲಿಲ್ಲ. ಬಿದ್ದ ಕಲ್ಲು ಹೊರಲು ಮಾತ್ರ ಬಿಟ್ಟರು.

ಗಾಡಿ ದಾಟುವಷ್ಟು ಅಗಲ ತೆರೆಯಲು ಆರು ದಿನ ಹಿಡಿಯಿತು. ತಾವೇ ಕಲಸಿದ ಗಾರೆ ತಮಗೇ ಜಗ್ಗುತ್ತಿರಲಿಲ್ಲ. ಎರಡು ಚಾಣ ಮೊಂಡಾದವು. ಬೆವರು ಒರೆಸಿಕೊಂಡು, ನೋಡಿದೆಯಾ ಹೇಗೆ ಹಿಡಿದಿದೆ ಎಂದು ಪೋಸ್ಟ್‌ಮಾಸ್ಟರರಿಗೆ ತೋರಿಸುತ್ತಿದ್ದರು. ಒಡೆದ ಅಂಚನ್ನು ಹಾಗೇ ಬಿಡುವುದು ಅವರಿಂದಾಗಲಿಲ್ಲ. ಎರಡೂ ಬದಿಗೆ ತೂಗುಗುಂಡು ಇಳಿಬಿಟ್ಟು ನೇರ ನೋಡಿ, ಆ ಕೆಂಪು ಕಲ್ಲುಗಳನ್ನೇ ಕಂಬವಾಗಿ ಕೂರಿಸಿ, ನಡುವೆ ಕಮ್ಮಾರನಿಂದ ತಂದ ಗೇಟು ನಿಲ್ಲಿಸಿದರು. ಹೊಸಬರು ನೋಡಿದರೆ ಗೋಡೆ ಕಟ್ಟುವಾಗಲೇ ಇಟ್ಟ ಬಾಗಿಲು ಎನ್ನಬೇಕು, ಹಾಗಿತ್ತು.

ಆಮೇಲಿನ ವಾರಗಳಲ್ಲಿ ಸೊಸೆಯ ಜೊತೆ ಮೇಸ್ತ್ರಿಗಳೂ ಬೆಳಿಗ್ಗೆ ಇಳಿಯತೊಡಗಿದರು. ಅವಳು ಓದುವಳು, ಅವರು ಕನ್ನಡಕ ಏರಿಸಿ ಬರೆದುಕೊಳ್ಳುವರು. ಕೆಳಗಿನ ಕೋಲು ಮೇಲಿನ ಕೋಲಿಗಿಂತ ಈಗ ಒಂದೇ ಡಿಗ್ರಿ ಹಿಂದೆ ಇತ್ತು, ಕೆಲವು ದಿನ ಅದೂ ಇಲ್ಲ. ಮೇ ತಿಂಗಳ ನಡುವೆ ಮೂರು ದಿನ ಬಿಸಿಲು ಕಾಯಿತು. ಊರಿನವರು ಬೋರ್ಡಿನ ಮುಂದೆ ಸುಳಿದಾಡಿದರು. ಅವಳು ಬರೆಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿತ್ತು. ಇನ್ನೂ ಎಂಟು ದಿನ ಕಾದಳು.

ಒಂಬತ್ತನೆಯ ದಿನ ಬ್ರೆಡ್ಡು ಒಲೆಯಿಂದ ಹೊರಬರುವ ಹೊತ್ತಿಗೆ ಸೊಸೆ ಬಂದು, ಅಂಕಿಯ ಕೆಳಗೆ ‘ಸಸಿ ನೆಡಬಹುದು’ ಎಂದು ಬರೆದಳು. ಸ್ವಲ್ಪ ನಿಂತು, ಪಕ್ಕದಲ್ಲಿ ‘ಎಲ್ಲ ಹಂತಗಳಲ್ಲೂ’ ಎಂದು ಸೇರಿಸಿ ಶಾಲೆಯ ಕಡೆ ನಡೆದಳು. ಬೇಕರಿಯ ಮುಂದೆ ಹದಿನೈದು ಇಪ್ಪತ್ತು ಜನ. ಒಬ್ಬರೂ ಕದಲಲಿಲ್ಲ. ಹೋದ ವರ್ಷದ ಪೆಟ್ಟು ಎಲ್ಲರಿಗೂ ನೆನಪಿತ್ತು. ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿಗಳ ಕಡೆ ಒಬ್ಬೊಬ್ಬರಾಗಿ ತಿರುಗಿದರು.

ಮೇಸ್ತ್ರಿಗಳು ಬ್ರೆಡ್ಡಿನ ತುಂಡನ್ನು ನಿಧಾನವಾಗಿ ಅಗಿದು ನುಂಗಿದರು.

“ನನ್ನನ್ನೇನು ನೋಡ್ತೀರಿ? ನನಗೆ ಕಲ್ಲಿನ ವಿಷಯ ಗೊತ್ತು. ಚಳಿ ವಿಷಯ ಅಲ್ಲಿ ಬರೆದಿದೆ, ಓದಿ.”

ಪೋಸ್ಟ್‌ಮಾಸ್ಟರು ಮೊದಲು ಎದ್ದರು. ಮನೆಗೆ ಹೋಗಿ ಕುಂಬಳದ ಟ್ರೇಯನ್ನು ಎದೆಗವಚಿಕೊಂಡು ಬಂದು, ಊರಿನ ಎದುರೇ ಕೆಳಗಿನ ಹಂತಕ್ಕೆ ಇಳಿದರು. ದರ್ಜಿ ಅಂಗಡಿಯ ಬಾಗಿಲೆಳೆದ.